ತೇಪೆಯೊಂದು ಹೇಳಿದ ಗುರುತು: ಹಳೆಯ ಫ್ಲೆಚರ್ ವಿಮಾನದ ಜಾಡು ಹಿಡಿದ ನನ್ನ ಅನುಭವ

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಿಂದ ರಾಗ್ಲನ್ ಕಡಲತೀರದತ್ತ ಹೋಗುವ ದಾರಿಯಲ್ಲಿ ಒಂದು ಕುರಿ ಫಾರ್ಮ್ ಇದೆ. ಅದರ ಶೆಡ್ಡಿನಲ್ಲಿ, ಒಣಹುಲ್ಲಿನ ಪೆಂಡಿಗಳ ಹಿಂದೆ, ಹುಲ್ಲುಗಾವಲಿಗೆ ಗೊಬ್ಬರ ಎರಚುವ ಫ್ಲೆಚರ್ ಎಫ್‌ಯು-24 ಎಂಬ ವಿಮಾನದ ಒಡಲೊಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಿದ್ದಿತ್ತು. ಎಂಜಿನ್ ಇರಲಿಲ್ಲ, ಬಾಲ ಇರಲಿಲ್ಲ, ತಯಾರಿಕೆಯ ಸಂಖ್ಯೆಯಿದ್ದ ಫಲಕವನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಒಂದು ರೆಕ್ಕೆಯನ್ನು ಮಾತ್ರ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಆ ಮನೆಯ ಅಜ್ಜ 1960ರ ದಶಕದಲ್ಲಿ ಇಂಥ ವಿಮಾನಗಳಿಗೆ ಗೊಬ್ಬರ ತುಂಬುವ ಲೋಡರ್ ಓಡಿಸುತ್ತಿದ್ದವರು. ತಾವು ತುಂಬಿಸುತ್ತಿದ್ದ ವಿಮಾನ ಇದೇ ಹೌದೇ ಎಂಬುದಷ್ಟೇ ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನನಗೆ ಹದಿನಾಲ್ಕು ತಿಂಗಳ ಶನಿವಾರಗಳು ಬೇಕಾದವು.

ನಾನು ವಿಮಾನದ ತಗಡು ಕೆಲಸ ಕಲಿತವನು. ನನ್ನ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಗಡುಗಳನ್ನು ಜೋಡಿಸುವ ರಿವಿಟ್ ಹೊಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ‘ಬಸಂತ್’ ಎಂಬ ಕೃಷಿ ವಿಮಾನ ತಯಾರಾಗುತ್ತಿತ್ತು. 1972ರ ಮಾರ್ಚ್ 30ರಂದು ಮೊದಲು ಹಾರಿದ ಆ ವಿಮಾನ ನಲವತ್ತರಷ್ಟೂ ತಯಾರಾಗದೆ ನಿಂತುಹೋಯಿತು ಎಂಬ ನೋವು ತಂದೆಯವರಿಗೆ ಕೊನೆಯವರೆಗೂ ಇತ್ತು. ಬಸಂತ್‌ಗೆ ಕೂಡಿಸುತ್ತಿದ್ದ 400 ಅಶ್ವಶಕ್ತಿಯ ಲೈಕಮಿಂಗ್ ಐಒ-720 ಎಂಜಿನ್ ಮಾದರಿಯೇ ನಂತರದ ಫ್ಲೆಚರ್‌ಗಳಲ್ಲಿಯೂ ಇದೆ ಎಂದು ಹ್ಯಾಮಿಲ್ಟನ್‌ಗೆ ಬಂದ ಮೇಲೆ ತಿಳಿದಾಗ, ಈ ವಿಮಾನಗಳು ನನಗೆ ಪರಕೀಯ ಎನಿಸುವುದು ನಿಂತಿತು. ನಮ್ಮ ಕಡೆ ಭತ್ತದ ಗದ್ದೆಗೆ ಯೂರಿಯಾ ಎರಚುವುದನ್ನು ಮೇಲುಗೊಬ್ಬರ ಕೊಡುವುದು ಎನ್ನುತ್ತೇವಲ್ಲ, ಇಲ್ಲಿನವರು ಟಾಪ್‌ಡ್ರೆಸಿಂಗ್ ಎನ್ನುವುದೂ ಅದನ್ನೇ. ಆದರೆ ಇಲ್ಲಿ ಅದು ಕೈಯಿಂದ ಆಗುವ ಕೆಲಸವಾಗಿರಲಿಲ್ಲ.

ಏಕೆ ಆಗುವುದಿಲ್ಲ ಎಂಬುದು ಈ ಗುಡ್ಡಗಳನ್ನು ನೋಡಿದರೆ ತಿಳಿಯುತ್ತದೆ. ಕಾಡು ಕಡಿದು, ಸುಟ್ಟು, ಹುಲ್ಲು ಬಿತ್ತಿದ ಈ ಕಡಿದಾದ ಇಳಿಜಾರುಗಳು ಕೆಲವೇ ದಶಕಗಳಲ್ಲಿ ಸಾರ ಕಳೆದುಕೊಂಡವು. ಮಣ್ಣು ಜಾರಿ ಹೋಗತೊಡಗಿತು. ರಂಜಕ ಕೊಡದೆ ಹುಲ್ಲು ಬೆಳೆಯದು, ಟ್ರ್ಯಾಕ್ಟರ್ ಏರದು. ಸರ್ಕಾರಿ ಪೈಲಟ್ ಅಲನ್ ಪ್ರಿಚರ್ಡ್ 1939ರಲ್ಲಿ ನೈಂಟಿ ಮೈಲ್ ಬೀಚಿನ ಮರಳುದಿಬ್ಬಗಳ ಮೇಲೆ ವಿಮಾನದಿಂದ ಲೂಪಿನ್ ಬೀಜ ಬಿತ್ತಿ ತೋರಿಸಿದ್ದರು. ಯುದ್ಧ ಮುಗಿದ ಮೇಲೆ, 1948ರ ಸೆಪ್ಟೆಂಬರಿನಲ್ಲಿ, ಒಹಾಕಿಯ ವಾಯುನೆಲೆಯಲ್ಲಿ ಅವೆಂಜರ್ ಎಂಬ ಬಾಂಬರ್ ವಿಮಾನದ ಒಡಲಿಗೆ ಹಾಪರ್ ಎಂಬ ಗೊಬ್ಬರದ ತೊಟ್ಟಿಯನ್ನು ಕೂಡಿಸಿ, ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಸುರಿಸುವ ಪ್ರಯೋಗ ನಡೆಯಿತು. ಮರುವರ್ಷವೇ ಖಾಸಗಿಯವರು ವಾಯುಪಡೆ ಮಾರಿದ ಟೈಗರ್ ಮಾತ್ ತರಬೇತಿ ವಿಮಾನಗಳನ್ನು ಕೊಂಡು, ಮುಂದಿನ ಆಸನ ತೆಗೆದು, ಆ ಜಾಗದಲ್ಲಿ ಹಾಪರ್ ಇಟ್ಟು ಕೆಲಸಕ್ಕೆ ಇಳಿದರು. ಹ್ಯಾಮಿಲ್ಟನ್‌ನ ಆಸಿ ಜೇಮ್ಸ್ ಅವರ ಜೇಮ್ಸ್ ಏವಿಯೇಷನ್ ಆ ಸಾಲಿನಲ್ಲಿ ಮೊದಲ ಹೆಸರುಗಳಲ್ಲೊಂದು. ಕೊರಿಯಾ ಯುದ್ಧದ ಹೊತ್ತಿಗೆ ಉಣ್ಣೆಯ ಬೆಲೆ ಮುಗಿಲು ಮುಟ್ಟಿದ್ದರಿಂದ ರೈತರ ಕೈಯಲ್ಲಿ ಹಣವೂ ಆಡುತ್ತಿತ್ತು.

ಆದರೆ 130 ಅಶ್ವಶಕ್ತಿಯ ಟೈಗರ್ ಮಾತ್ ಹೊರುತ್ತಿದ್ದುದು ಕಾಲು ಟನ್ನಿನ ಆಸುಪಾಸು ಮಾತ್ರ. ಮರ, ಬಟ್ಟೆ, ಉಕ್ಕಿನ ಕೊಳವೆಗಳಿಂದಾದ ಅದರ ಮೈಯನ್ನು ಗೊಬ್ಬರದ ಆಮ್ಲ ತಿಂದುಹಾಕುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಜಾನ್ ಥಾರ್ಪ್ ರೂಪಿಸಿದ ಫ್ಲೆಚರ್ 1954ರಲ್ಲಿ ಹಾರಿದ್ದು ಈ ಕೊರತೆಯನ್ನು ನೀಗಲೆಂದೇ. ಪೂರ್ತಿ ಲೋಹದ ಮೈ. ಮುಂದೆ ಪೈಲಟ್, ಅವನ ಬೆನ್ನ ಹಿಂದೆ ಹಾಪರ್. ತುದಿಯಲ್ಲಿ ಮೇಲಕ್ಕೆ ಬಾಗಿದ ರೆಕ್ಕೆಗಳು. ಮೂಗಿನ ಕೆಳಗೆ ಗಾಲಿ. ಮೊದಲ 100 ವಿಮಾನಗಳನ್ನು ನ್ಯೂಜಿಲೆಂಡಿನವರೇ ಕೊಂಡರು. ಅವು ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದವು, 1960ರ ದಶಕದ ಮಧ್ಯಭಾಗದಲ್ಲಿ ತಯಾರಿಕೆಯೇ ಹ್ಯಾಮಿಲ್ಟನ್‌ಗೆ ಬಂತು. ನನ್ನಂಥ ಹವ್ಯಾಸಿಗಳಿಗೆ ಫ್ಲೆಚರ್ ಒಂದೇ ಪ್ರಿಯ ಎಂದಲ್ಲ. ಟೆ ಕುಯಿಟಿ ಊರಿನಲ್ಲಿ ಹಳೆಯ ಹಾರ್ವರ್ಡ್ ತರಬೇತಿ ವಿಮಾನಗಳ ಭಾಗಗಳನ್ನು ಬಳಸಿ ಕಟ್ಟಿದ, ಲೂಯಿಜಿ ಪೆಲ್ಲರೀನಿ ವಿನ್ಯಾಸದ ಏರ್‌ಟ್ರಕ್ ಎಂಬ ಮೇಲುಗೊಬ್ಬರದ ವಿಮಾನದ ಎರಡು ಬಾಲಗಳ ನಡುವಿನ ಖಾಲಿ ಜಾಗವನ್ನು ನೋಡಿದಾಗಲೆಲ್ಲ ನನಗೆ ಮೆಚ್ಚುಗೆ ಉಕ್ಕುತ್ತದೆ. ಅದು ಲೋಡರ್ ನೇರವಾಗಿ ಹಾಪರಿನ ಹತ್ತಿರ ಬರಲು ಬಿಟ್ಟ ದಾರಿ. ಆದರೂ ಐವತ್ತು ವರ್ಷ ಗುಡ್ಡಗಳ ಹೊರೆ ಹೊತ್ತದ್ದು ಫ್ಲೆಚರ್.

ಶೆಡ್ಡಿನ ಕೆಲಸಕ್ಕೆ ಬರುತ್ತೇನೆ. ರೆಕ್ಕೆಯ ಕೆಳಮೈಯಲ್ಲಿ ನೋಂದಣಿ ಅಕ್ಷರಗಳಿರುತ್ತವೆ ಎಂದು ಗೊತ್ತಿದ್ದುದರಿಂದ ಮೊದಲು ಅಲ್ಲಿಗೇ ಕೈ ಹಾಕಿದೆ. 600ರ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ, ಬಣ್ಣವನ್ನು ಪದರ ಪದರವಾಗಿ ಇಳಿಸುತ್ತಾ ಹೋದೆ: ಮೊದಲು ಬಿಳಿ, ಅದರ ಕೆಳಗೆ ಕಿತ್ತಳೆ, ಅದರ ಕೆಳಗೆ ಕೆನೆಬಣ್ಣ. ಟಾರ್ಚನ್ನು ತಗಡಿಗೆ ತಾಗಿಸಿ ಓರೆಯಾಗಿ ಹಿಡಿದಾಗ ಹಳೆಯ ಅಕ್ಷರಗಳ ಅಂಚು ಕೂದಲೆಳೆಯಷ್ಟು ಎತ್ತರದಲ್ಲಿ ಕಂಡಿತು. ಅದರ ಜಾಡು ಹಿಡಿದು, ವೆಲಿಂಗ್ಟನ್‌ನ ಅಲೆಕ್ಸಾಂಡರ್ ಟರ್ನ್‌ಬುಲ್ ಗ್ರಂಥಾಲಯದಲ್ಲಿರುವ ವೈಟ್ಸ್ ಏವಿಯೇಷನ್ ಛಾಯಾಚಿತ್ರಗಳನ್ನೂ, ಪೇಪರ್ಸ್ ಪಾಸ್ಟ್ ಎಂಬ ಜಾಲತಾಣದಲ್ಲಿರುವ ಹಳೆಯ ಪತ್ರಿಕೆಗಳನ್ನೂ ಶೋಧಿಸಿ, ಆ ಅಕ್ಷರಗಳ ವಿಮಾನ ಇದೇ ಸೀಮೆಯಲ್ಲಿ ಕೆಲಸ ಮಾಡಿತ್ತೆಂದು ಖಚಿತಪಡಿಸಿಕೊಂಡೆ. ಅಜ್ಜ ತಮ್ಮ ಕಿಸೆಪುಸ್ತಕ ತಂದರು. ದಿನಕ್ಕೆ ಎಷ್ಟು ಟನ್, ಯಾವ ವಿಮಾನ ಎಂದು ಪೆನ್ಸಿಲ್ಲಿನಲ್ಲಿ ಬರೆದ ಪುಟಗಳಲ್ಲಿ ಅದೇ ಅಕ್ಷರಗಳಿದ್ದವು. ಇದೇ ನಿಮ್ಮ ವಿಮಾನ ಎಂದು ಹೇಳಿಬಿಟ್ಟೆ. ಅವರು ನೆರೆಹೊರೆಯವರನ್ನೆಲ್ಲ ಕರೆದು ತೋರಿಸಿದರು.

ನಾನು ಮಾಡಿದ್ದು ತಪ್ಪು. ಮೇಲುಗೊಬ್ಬರದ ವಿಮಾನ ಕೆಲಸದ ಎತ್ತಿನಂತೆ: ಕಾಲು ಮುರಿದರೆ ಕಟ್ಟಿ ಮತ್ತೆ ನೊಗಕ್ಕೆ ಹೂಡುತ್ತಾರೆ. ಬೇಲಿಗೆ ತಾಗಿ ರೆಕ್ಕೆ ಹರಿದರೆ ಇನ್ನೊಂದರ ರೆಕ್ಕೆ ತಂದು ಕೂಡಿಸಿ ವಾರದೊಳಗೆ ಹಾರಿಸುತ್ತಿದ್ದರು. ನೋಂದಣಿ ಅಕ್ಷರಗಳೂ ಒಂದು ವಿಮಾನದಿಂದ ತೆಗೆದು ಹಾಕಲ್ಪಟ್ಟ ಮೇಲೆ ಇನ್ನೊಂದಕ್ಕೆ ಸಿಗಬಹುದು. ಹಾಗಾಗಿ ಒಡಲಿನ ತಯಾರಿಕೆಯ ಸಂಖ್ಯೆ ಸಿಗುವವರೆಗೆ ಏನನ್ನೂ ಹೇಳಬಾರದೆಂಬುದು ಈ ಹವ್ಯಾಸದಲ್ಲಿ ಪಳಗಿದವರ ಮೊದಲ ಪಾಠ. ಅಜ್ಜನ ಮುಖದಲ್ಲಿ ಕಂಡ ಸಂತೋಷಕ್ಕೆ ನಾನು ಆ ಪಾಠವನ್ನು ಮರೆತೆ. ಮೂರು ತಿಂಗಳ ನಂತರ ಹಾಪರಿನ ಹಿಂದಿನ ಫ್ರೇಮಿನ ಒಳಮೈಯನ್ನು ಕನ್ನಡಿ ಹಿಡಿದು ನೋಡುತ್ತಿದ್ದಾಗ, ಹಸಿರು ಪ್ರೈಮರಿನ ಮೇಲೆ ಜೋಡಣೆಯವರು ಬರೆದಿಟ್ಟ ಅಂಕಿ ಕಂಡಿತು. ರೆಕ್ಕೆಯ ಅಕ್ಷರಗಳಿಗೂ ಆ ಅಂಕಿಗೂ ಸಂಬಂಧವೇ ಇರಲಿಲ್ಲ.

ಅಂಕಿಯ ಜಾಡಿನಲ್ಲಿ ಹೊರಟಾಗ ನಿವೃತ್ತ ಎಂಜಿನಿಯರೊಬ್ಬರ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಲಾಗ್‌ಬುಕ್ ಸಿಕ್ಕಿತು. ಅದರಲ್ಲೊಂದು ದುರಸ್ತಿಯ ದಾಖಲೆ: ಹಾಪರಿನ ಹಿಂದೆ, ಎಡಮಗ್ಗುಲಲ್ಲಿ, ಕಿಲುಬು ಹಿಡಿದ ತಗಡು ಕತ್ತರಿಸಿ ತೇಪೆ ಹಾಕಿದೆ, ಎರಡು ಸಾಲು ರಿವಿಟ್. ಅದೇ ಸಂಜೆ ಶೆಡ್ಡಿಗೆ ಓಡಿದೆ. ತೇಪೆ ಅಲ್ಲಿಯೇ ಇತ್ತು, ಅಂಗೈಗಿಂತ ತುಸು ದೊಡ್ಡದು, ಮೂಲೆಗಳನ್ನು ಚೆನ್ನಾಗಿ ದುಂಡಗೆ ಮಾಡಿದ್ದು. ಎರಡು ಸಾಲಿನ ರಿವಿಟ್‌ಗಳು ಒಂದರ ಸಂದಿನಲ್ಲಿ ಇನ್ನೊಂದು ಬರುವಂತೆ ಕೂತಿದ್ದವು. ಯಾವ ತಲೆಯೂ ಓರೆಯಾಗಿರಲಿಲ್ಲ, ಒಂದರ ಸುತ್ತಲೂ ಸುತ್ತಿಗೆಯ ಗಾಯವಿರಲಿಲ್ಲ. ಸುತ್ತಲಿನ ತಗಡು ಈರುಳ್ಳಿಯ ಸಿಪ್ಪೆಯಂತೆ ಪದರ ಬಿಟ್ಟು ಬಿಳಿಪುಡಿಯಾಗಿದ್ದರೂ ತೇಪೆಯ ಅಂಚು ಮಾತ್ರ ಹಾಗೆಯೇ ಕಚ್ಚಿಕೊಂಡಿತ್ತು. ಗುಡ್ಡದ ಮೇಲಿನ ಏರ್‌ಸ್ಟ್ರಿಪ್‌ನ ಪಕ್ಕದಲ್ಲಿ, ಬಹುಶಃ ಚಳಿಗಾಳಿಯಲ್ಲಿ, ಮರುದಿನದ ಕೆಲಸ ನಿಲ್ಲಬಾರದೆಂಬ ಅವಸರದಲ್ಲಿ ಒಬ್ಬ ಮನುಷ್ಯ ಅಷ್ಟು ಶಿಸ್ತಿನಿಂದ ಆ ಕೆಲಸ ಮಾಡಿದ್ದ. ನಾನು ಬಹಳ ಹೊತ್ತು ಅದರ ಮೇಲೆ ಕೈಯಿಟ್ಟು ಕೂತಿದ್ದೆ.

ಒಡಲು ಪೂರ್ವ ಕರಾವಳಿಯ ಗಿಸ್ಬೋರ್ನ್ ಸೀಮೆಯಲ್ಲಿ ದುಡಿದದ್ದು. ಇತ್ತ ಬರುವ ಹೊತ್ತಿಗೆ ಅಜ್ಜ ಲೋಡರ್ ಬಿಟ್ಟಾಗಿತ್ತು. ಇದನ್ನು ಅವರಿಗೆ ಹೇಳಿ ಕ್ಷಮೆ ಕೇಳಲು ಹೋದ ದಿನ, ಅವರು ಹಾಪರಿನ ಬಾಯಿಯ ಬಳಿ ಕೂತು ತಮ್ಮ ಕೆಲಸವನ್ನು ವಿವರಿಸಿದರು. ಲಾಗ್‌ಬುಕ್ಕಿನಲ್ಲಿ ಅದು ಬರೆದಿರುವುದಿಲ್ಲ. ಗೊಬ್ಬರ ತೇವಗೊಂಡು ಹೆಂಟೆಗಟ್ಟಿದರೆ ಹಾಪರಿನಲ್ಲಿ ಕಮಾನಿನಂತೆ ನಿಂತುಬಿಡುತ್ತದೆ. ಇಳಿಜಾರಿನ ಸ್ಟ್ರಿಪ್ಪಿನಿಂದ ತುಂಬಿದ ಹೊರೆಯೊಡನೆ ಕೆಳಮುಖವಾಗಿ ಓಡಿ ಮೇಲೇರುವಾಗ ಎಂಜಿನ್ ಸೋತರೆ, ಪೈಲಟ್ ಲಿವರ್ ಎಳೆದರೂ ಹೊರೆ ಬೀಳುವುದಿಲ್ಲ, ವಿಮಾನ ಬೀಳುತ್ತದೆ. ಆದ್ದರಿಂದ ಮೂರು ನಾಲ್ಕು ನಿಮಿಷಕ್ಕೊಮ್ಮೆ ಬಂದಿಳಿಯುವ ವಿಮಾನಕ್ಕೆ ಟನ್ನಿನಷ್ಟು ಗೊಬ್ಬರ ಸುರಿಯುವ ಮುನ್ನ, ಬಕೆಟ್ಟಿನಲ್ಲಿ ಅದು ಜಾರುವ ಬಗೆಯನ್ನು ನೋಡಿಯೇ ತುಂಬಿಸಬೇಕೋ ಬೇಡವೋ ಎಂದು ಅವರು ನಿರ್ಧರಿಸುತ್ತಿದ್ದರಂತೆ. ಒಂದು ಬೆಳಿಗ್ಗೆ ಬೇಡವೆಂದು ಕೈ ಅಡ್ಡ ಹಿಡಿದು ಇಡೀ ದಿನದ ಕೆಲಸ ನಿಲ್ಲಿಸಿದ್ದನ್ನು ಅವರು ಕಿಸೆಪುಸ್ತಕದಲ್ಲಿ ತೋರಿಸಿದರು. ಆ ದಿನದ ಮುಂದೆ ಟನ್ನಿನ ಜಾಗದಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ವಿಮಾನಗಳ ಪಟ್ಟಿ ಮಾಡುವ ನಾವು ಪೈಲಟ್‌ಗಳ ಹೆಸರು ಬರೆದುಕೊಳ್ಳುತ್ತೇವೆ. ಲೋಡರ್‌ನವರ ಹೆಸರು ಕೇಳುವುದೇ ಇಲ್ಲ. ಅಂದಿನಿಂದ ನನ್ನ ಪ್ರತಿ ಕಡತದಲ್ಲಿಯೂ ಆ ಕಾಲಂ ಇದೆ.

ರೆಕ್ಕೆಯಂತೂ ಅವರದೇ ವಿಮಾನದ್ದು. ಅದನ್ನು ಒಡಲಿಗೆ ಕೂಡಿಸಬಾರದು, ಬೇರೆಯಾಗಿಯೇ ಇಡಬೇಕು ಎಂದು ತೀರ್ಮಾನಿಸಿದೆವು. ಅಕ್ಷರಗಳು ಹೊರಗೆ ಕಾಣುವಂತೆ ಕೆಳಮೈಯನ್ನು ಬಾಗಿಲ ಕಡೆಗೆ ತಿರುಗಿಸಿ, ಉಜ್ಜಿ ತೆಗೆದ ಮೂರು ಬಣ್ಣಗಳ ಪದರವನ್ನೂ ಹಾಗೆಯೇ ಬಿಟ್ಟು ನಿಲ್ಲಿಸಿದ್ದೇವೆ. ಒಡಲಿನ ಕಿಲುಬು ಹಿಡಿದ ತಗಡುಗಳನ್ನು ಈ ಚಳಿಗಾಲದಲ್ಲಿ ಒಂದೊಂದಾಗಿ ಬದಲಿಸುತ್ತಿದ್ದೇನೆ. ಎಡಮಗ್ಗುಲಿನ ತೇಪೆ ಇರುವ ತಗಡಿನ ಸರದಿ ಬಂದಾಗ, ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಅಷ್ಟು ಭಾಗವನ್ನು ಮುಟ್ಟದೆ ಉಳಿಸಿದ್ದೇನೆ.