ಬೀದಿಗೊಂದು ಸಂಘ: ಶುರು ಮಾಡುವುದು ಹೇಗೆ?

ಮಳವಳ್ಳಿಯ ನಮ್ಮ ಬೀದಿಯಲ್ಲಿ ಮಹಿಳಾ ಸಂಘದ ಲೆಕ್ಕ ಬರೆಯುವವಳು ನಾನು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸಿ, ಅದರಿಂದಲೇ ಒಬ್ಬರಿಗೊಬ್ಬರು ಸಾಲ ಕೊಡುವ ಸಂಘ ಇದು. ಹೊಸದಾಗಿ ಸಂಘ ಕಟ್ಟುವ ಅಕ್ಕತಂಗಿಯರಿಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

10ರಿಂದ 20 ಜನ ಸೇರಿ. ದಿನಾ ಮುಖ ನೋಡುವವರೇ ಇರಲಿ, ಸಾಲ ನಡೆಯುವುದು ನಂಬಿಕೆ ಮೇಲೆ ಅಲ್ವಾ? ವಾರಕ್ಕೊಮ್ಮೆ, ಗೊತ್ತುಮಾಡಿದ ಹೊತ್ತಿಗೇ ಸಭೆ. ಕಬ್ಬಿನ ಗದ್ದೆಗೆ ಕೂಲಿ ಹೋಗುವವಳಿಗೂ ಕಟ್ಟಲಾಗುವಷ್ಟೇ ಉಳಿತಾಯ ಇಡಿ. ಠರಾವು, ಅಂದರೆ ಸಭೆಯ ತೀರ್ಮಾನ ಬರೆದು, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ.

ಪುಸ್ತಕದ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಕಟ್ಟಿದ್ದು, ಕೊಟ್ಟಿದ್ದು, ಬಡ್ಡಿ, ಬಾಕಿ ಎಲ್ಲವನ್ನೂ ಸಭೆಯಲ್ಲೇ ಬರೆಯಿರಿ. ಎದ್ದು ಹೋಗುವ ಮುಂಚೆ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದವರಿಗೂ ತಮ್ಮ ದುಡ್ಡು ಎಲ್ಲಿದೆ ಅಂತ ತಿಳಿಯಬೇಕು, ಅದು ಅವರ ಹಕ್ಕು. ಪ್ರತಿಯೊಬ್ಬರ ಪಾಸ್‌ಪುಸ್ತಕದಲ್ಲೂ ಅದೇ ಲೆಕ್ಕ ಇರಲಿ.

ಉಳಿತಾಯವನ್ನು ಸುಮ್ನೆ ಕೂಡಿಡಬೇಡಿ. ಶಾಲೆ ಫೀಸು, ಔಷಧಿ, ಹಸು, ಹೊಲಿಗೆ ಯಂತ್ರ, ಹೀಗೆ ಒಳಗೇ ಸಾಲ ಓಡಾಡಲಿ. ಆರು ತಿಂಗಳು ಚೆನ್ನಾಗಿ ನಡೆದರೆ ಬ್ಯಾಂಕ್ ಸಾಲವನ್ನೂ ಕೇಳಬಹುದು.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಮುಯ್ಯಾಳು. ನಾಟಿಗೆ, ಕಳೆಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುತ್ತಿದ್ದರಲ್ಲ, ಅದನ್ನೇ ಪೇಟೆಗೂ ತನ್ನಿ. ಬಾಣಂತಿ ಮನೆಗೆ ಒಬ್ಬಳು ಸಾರು ಮಾಡಿಕೊಡಲಿ. ಆಸ್ಪತ್ರೆ ಸೇರಿದವಳ ಮಕ್ಕಳನ್ನು ಇನ್ನೊಬ್ಬಳು ನೋಡಿಕೊಳ್ಳಲಿ. ಯಾರಿಗೆ ಏನು ಬೇಕು ಅಂತ ಪ್ರತಿ ಸಭೆಯಲ್ಲೂ ಕೇಳಿ, ದುಡ್ಡಿನ ಮಾತಿಗಿಂತ ಮೊದಲೇ.