ನಮ್ಮ ಹಳೇ ಮಾರುತಿ 800ಕ್ಕ ಬ್ಯಾರೆ ಇಂಜಿನ್ ಕೂಡ್ಸೋಕ್ಕಿಂತ ಮೊದ್ಲು ನಾ ಮಾಡ್ಕೊಂಡ ತಯಾರಿ

ನಮ್ಮ ಗಾಡಿ 2004ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದ್ಲಿ ಇಂಜೆಕ್ಟರಿನಿಂದ ಪೆಟ್ರೋಲ್ ಬಿಡೋದು), ಕೆಎ 32 ಪಾಸಿಂಗ್. ಅಪ್ಪ ನೌಕರಿಯಾಗಿದ್ದಾಗ ತಗೊಂಡಿದ್ದು. ನಾ ಡ್ರೈವಿಂಗ್ ಕಲ್ತಿದ್ದು ಅದರಾಗೇ, ತಂಗಿ ಮದುವಿ ಬಟ್ಟಿ ತರ್ಲಾಕ ಸೋಲಾಪುರಕ್ಕ ಹೋಗಿದ್ದೂ ಅದರಾಗೇ. 2024ರ ಏಪ್ರಿಲ್‌ದಾಗ ಸೇಡಂ ರೋಡಿಗೆ ಮಳಖೇಡ ದಾಟಿ ಸ್ವಲ್ಪ ಮುಂದ ಹೋಗಿದ್ವಿ, ಮಧ್ಯಾಹ್ನ ಎರಡರ ಬಿಸಿಲು, ಟೆಂಪರೇಚರ್ ಮುಳ್ಳು ಮ್ಯಾಲ ಹೋಗಿದ್ದು ನಾ ನೋಡೋದ್ರೊಳಗ ಬಾನೆಟ್ಟಿನಿಂದ ಹೊಗಿ ಬಂತು, ಗಾಡಿ ಅಲ್ಲೇ ನಿಂತು ಹೋತು. ಹಿಂದ ಅವ್ವ ಕುಂತಿದ್ದಳು. ಕಲ್ಲು ಹೇರಿದ ಲಾರಿಯವರೊಬ್ರು ಹಗ್ಗ ಕಟ್ಟಿ ಎಳ್ಕೊಂಡು ಬಂದು ಕಲಬುರಗಿ ಮುಟ್ಸಿದ್ರು, ಅವರ ಉಪಕಾರ ನಾ ಮರ್ಯಂಗಿಲ್ಲ.

ಮಂದಿ ಎಲ್ಲಾ ಗುಜರಿಗೆ ಹಾಕ್ರಿ, ಇಪ್ಪತ್ತು ವರ್ಷ ಆತು ಅಂದ್ರು. ಆದ್ರ ಬಾಡಿ ಗಟ್ಟಿ ಅದ, ಗೇರ್ ಬಾಕ್ಸ್ ಚಲೋ ಅದ, ತಳದಾಗ ಜಂಗು ಹಿಡಿದಿಲ್ಲ. ಇಂಜಿನ್ ಒಂದರ ಸಲುವಾಗಿ ಅಪ್ಪನ ಗಾಡಿ ತೂಕಕ್ಕ ಹಾಕ್ಲಾಕ ನಂಗ ಮನಸ್ಸಾಗ್ಲಿಲ್ಲ. ನಾ ಮೆಕ್ಯಾನಿಕ್ ಅಲ್ಲ, ಐಟಿಐ ಫಿಟ್ಟರ್, ಸಿಮೆಂಟ್ ಕಾರ್ಖಾನಿಯಾಗ ಶಿಫ್ಟ್ ಡ್ಯೂಟಿ. ಪಾನಾ (ಸ್ಪ್ಯಾನರ್), ಸಂದಿ ಅಳಿಯೋ ತೆಳ್ಳನ ಪಟ್ಟಿಗಳ ಫೀಲರ್ ಗೇಜ್ ಹಿಡಿದು ಕೈಗೆ ರೂಢಿ ಅದ, ಕಾರ್ ಇಂಜಿನ್ ಪೂರ್ತಿ ಇಳ್ಸಿದ್ದು ಇದೇ ಮೊದ್ಲು. ರಿಂಗ್ ರೋಡಿನ ಕಡಿ ಗ್ಯಾರೇಜ್ ಇಟ್ಟಿರೋ ಉಸ್ತಾದ್ ಒಬ್ರು ಅಪ್ಪನ ಕಾಲದಿಂದ ಪರಿಚಯ, ಅವರು ಒಂದೇ ಮಾತು ಹೇಳಿದ್ರು, "ತಮ್ಮಾ, ಇಂಜಿನ್ ಒಳಗ ಇಳ್ಸೋದು ಎರಡು ತಾಸಿನ ಕೆಲ್ಸ, ಇಳ್ಸಿದ ಮ್ಯಾಲ ತಿರುಗಿ ಎತ್ತೋ ಪಾಳಿ ಬರಬಾರ್ದು, ಅದಕ್ಕ ಎಷ್ಟು ದಿನಾ ಹಿಡೀತದ ಹಿಡೀಲಿ." ನಂಗ ಹಿಡಿದಿದ್ದು ಹೆಚ್ಚು ಕಮ್ಮಿ ಮೂರು ತಿಂಗಳು, ರಜಾ ಸಿಕ್ಕ ದಿನ ಮಾತ್ರ ಮಾಡಿದ್ದು.

ಮೊದ್ಲು ಹಳೇ ಇಂಜಿನ್ ಯಾಕ ಹೋತು ಅಂತ ಹುಡುಕಿದೆ. ಇದು ಬಿಟ್ಟು ಮುಂದಿನ ಯಾವ ಕೆಲ್ಸಾನೂ ಮಾಡ್ಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ. ಪ್ಲಗ್ ತಗದು ಕಂಪ್ರೆಷನ್ ಗೇಜ್ (ಸಿಲಿಂಡರಿನಾಗ ಎಷ್ಟು ಒತ್ತಡ ಕಟ್ತದಂತ ತೋರ್ಸೋದು) ಹಚ್ಚಿದ್ರ ಒಂದನೇ ಸಿಲಿಂಡರ್ 150 ಪಿಎಸ್‌ಐ ಹತ್ರ, ಎರಡು ಮತ್ತ ಮೂರು ಎರಡೂ 70ರ ಒಳಗೇ ನಿಂತ್ವು. ಮಗ್ಗುಲಕ್ಕ ಮಗ್ಗುಲ ಇರೋ ಎರಡು ಸಿಲಿಂಡರ್ ಕೂಡೇ ಬಿದ್ದಾವಂದ್ರ ನಡುವಿನ ಗ್ಯಾಸ್ಕೆಟ್ ಮ್ಯಾಲ ಮೊದ್ಲು ಸಂಶಯ ಪಡ್ಬೇಕು. ಬ್ಲಾಕಿನ ಮ್ಯಾಲ ಮುಚ್ಚಿರೋ ಹೆಡ್ ಎತ್ತಿದ್ರ ಹಂಗೇ ಇತ್ತು, ಎರಡರ ನಡು ಗ್ಯಾಸ್ಕೆಟ್ ಸುಟ್ಟು ಕರ್ರಗಾಗಿತ್ತು. ಗ್ಯಾಸ್ಕೆಟ್ ಬದಲಿ ಮಾಡಿ, ಹೆಡ್ ಫೇಸಿಂಗ್ ಮಾಡ್ಸಿ (ತಳ ಸಪಾಟ ತಿಕ್ಸಿ) ಮುಗ್ಸೋಣ ಅಂತ ಮೊದ್ಲು ಅನ್ಸಿತು, ಆದ್ರ ಕಾರ್ಖಾನ್ಯಾಗ ನಾವು ಬಿರುಕು ನೋಡ್ಲಾಕ ಒಂದು ಹಳೇ ಪದ್ಧತಿ ಮಾಡ್ತೀವಿ, ಜಾಗ ಚಂದ ಒರ್ಸಿ ಸೀಮೆಎಣ್ಣಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟಿಲಿಂದ ಒರ್ಸಿ, ಮ್ಯಾಲ ಚಾಕ್‌ಪೀಸ್ ಪುಡಿ ಉದುರಿಸೋದು. ಬಿರುಕಿದ್ರ ಒಳಗ ಇಳಿದ ಎಣ್ಣಿ ಹೊರಗ ಬಂದು ಪುಡಿ ಮ್ಯಾಲ ಗೆರಿ ಮೂಡ್ತದ. ಬ್ಲಾಕಿಗೆ ಹಂಗ ಮಾಡಿದ್ರ ಕೂದಲಿನಷ್ಟು ಸಣ್ಣ ಗೆರಿ, ಹೆಡ್ ಬೋಲ್ಟಿನ ತೂತಿನಿಂದ ಮೂರನೇ ಸಿಲಿಂಡರಿನ ಬೋರಿನ ತನಕ. ಆ ಬ್ಲಾಕಿಗೆ ಬೋರ್ ಮಾಡ್ಸಿ ಓವರ್ ಸೈಜ್ ಪಿಸ್ಟನ್ ಹಾಕೋದು ರೊಕ್ಕ ನೀರಾಗ ಹಾಕಿದಂಗ, ಅದು ಅವತ್ತೇ ತಿಳೀತು.

ಇಷ್ಟೆಲ್ಲಾ ಆಗಿದ್ದು ರೇಡಿಯೇಟರಿನಿಂದ. ಬಿಚ್ಚಿ ತಲಿ ಕೆಳಗ ಮಾಡಿ ನೀರು ಬಿಟ್ರ ಅರ್ಧ ನಳಿಗಿಯಾಗ ಮಾತ್ರ ನೀರು ಇಳೀತು, ಉಳಿದವು ಬೆಳ್ಳಗ ಸುಣ್ಣ ಕಟ್ಟಿ ಬಂದಾಗಿದ್ವು. ನಾವು ಮನ್ಯಾಗ ವರ್ಷಾನುಗಟ್ಲೆ ಬೋರ್‌ವೆಲ್ ನೀರೇ ಹಾಕ್ತಿದ್ವಿ. ನಮ್ಮ ಕಡಿ ನೆಲಾನೇ ಸುಣ್ಣದ ಕಲ್ಲಿಂದು, ಅದಕ್ಕೇ ಸೇಡಂ, ವಾಡಿ, ಶಹಾಬಾದ ಕಡಿ ಸಿಮೆಂಟ್ ಕಾರ್ಖಾನಿ ಬಂದಿದ್ದು, ಅದೇ ಕಲ್ಲಿನ ಸಂದಿ ಹಾದು ಬರೋ ನೀರು ನಮ್ಮ ಬಕೀಟಿಗೇ ಬಿಳಿ ಪಟ್ಟಿ ಕಟ್ತದಂದ್ರ ಬಿಸಿ ರೇಡಿಯೇಟರಿನ ಸಣ್ಣ ನಳಿಗಿಯಾಗ ಏನು ಮಾಡೀತು ವಿಚಾರ ಮಾಡ್ರಿ. ನಾ ದಿನಾ ಆ ಕಲ್ಲಿನ ಜೋಡಿನೇ ಕೆಲ್ಸ ಮಾಡಾಂವ, ನನಗೇ ಇದು ಹೊಳೀಲಿಲ್ಲ ಅಂತ ಭಾಳ ಕೆಟ್ಟನಿಸಿತು.

ಮ್ಯಾಲ ಇನ್ನೊಂದು. ಹಿಂದ ಯಾವಾಗೋ ಒಂದು ಗ್ಯಾರೇಜಿನಾಗ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋ ತನಕ ನೀರು ರೇಡಿಯೇಟರಿಗೆ ಹೋಗಲಾರ್ದಂಗ ತಡಿಯೋ ವಾಲ್ವ್) ತಗದು ಒಗದಿದ್ರು, ನಮ್ಮ ಬಿಸಿಲಿಗೆ ಅದು ಬ್ಯಾಡ ಅಂತ ಹೇಳಿ. ಇದು ತಪ್ಪು ರೀ. ಥರ್ಮೋಸ್ಟಾಟ್ ಇಲ್ಲಂದ್ರ ಚಳಿಗಾಲದಾಗ ಇಂಜಿನ್ ಬರೋಬ್ಬರಿ ಬಿಸೀನೇ ಆಗಂಗಿಲ್ಲ, ತಂಪದ ಅಂತ ಇಸಿಎಂ (ಇಂಜಿನ್ ನಡ್ಸೋ ಕಂಪ್ಯೂಟರ್ ಡಬ್ಬಿ) ಪೆಟ್ರೋಲ್ ಜಾಸ್ತಿ ಬಿಡ್ತದ, ಆ ಪೆಟ್ರೋಲ್ ಸಿಲಿಂಡರ್ ಗ್ವಾಡಿ ಮ್ಯಾಲಿನ ಎಣ್ಣಿ ತೊಳೀತದ, ರಿಂಗ್ ಸವೀತಾವ. ಸುಣ್ಣ ಕಟ್ಟಿದ ರೇಡಿಯೇಟರಿಗೆ ಥರ್ಮೋಸ್ಟಾಟ್ ತಗಿಯೋದು ಔಷಧ ಅಲ್ಲ. ಹೊಸಾ ಥರ್ಮೋಸ್ಟಾಟ್ ತಂದು ಅವ್ವನ ಒಂದು ಹಳೇ ಬೋಗಾಣಿಯಾಗ ನೀರು ಕಾಯ್ಸಿ ದಾರ ಕಟ್ಟಿ ಬಿಟ್ಟು ನೋಡಿದೆ, ಮ್ಯಾಲ ಬರದ ಡಿಗ್ರಿಗೆ ಬಾಯಿ ತೆರದು ಆರಿದ ಮ್ಯಾಲ ಮುಚ್ಚಿತು. ಹೊಸದೇ ಇದ್ರೂ ಒಮ್ಮೆ ಹಿಂಗ ನೋಡೇ ಹಾಕ್ರಿ, ಹತ್ತು ನಿಮಿಷದ ಕೆಲ್ಸ. ರೇಡಿಯೇಟರ್ ಹೊಸದು ತಗೊಂಡೆ, ಕ್ಯಾಪ್ ಹೊಸದು, ಮ್ಯಾಲಿಂದು ಕೆಳಗಿಂದು ಹೋಸ್ ಪೈಪ್ ಹೊಸವು, ಫ್ಯಾನ್ ಸ್ವಿಚ್ ಹೊಸದು. ಕ್ಯಾಪ್ ಸಣ್ಣ ಸಾಮಾನು ಅಂತ ಬಿಡಬ್ಯಾಡ್ರಿ, ಒಳಗ ಒತ್ತಡ ಹಿಡಿಯೋದೇ ಅದು, ಒತ್ತಡ ಇದ್ರೇ ನೀರು 100 ಡಿಗ್ರಿ ದಾಟಿದ್ರೂ ಕುದಿಯಂಗಿಲ್ಲ.

ಆಮ್ಯಾಲ ಇಂಜಿನ್ ಹುಡ್ಕೋದು. ಇಲ್ಲಿ ಜನ ಭಾಳ ಮೋಸ ಹೋಗ್ತಾರ, ಯಾಕಂದ್ರ 796 ಸಿಸಿ ಅಂದ್ರ ಎಲ್ಲಾ ಒಂದೇ ಅನ್ಕೋತಾರ. ನಮ್ಮ ಗಾಡಿದು ಎಫ್8ಬಿ, ಮೂರು ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 68.5 ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 72 ಮಿಲಿಮೀಟರ್, ಸಿಲಿಂಡರಿಗೆ ಎರಡೇ ವಾಲ್ವ್. ಹಳೇ ಆಲ್ಟೋದ್ದು ಎಫ್8ಡಿ, ಸಿಸಿ ಅಷ್ಟೇ, ಆದ್ರ ವಾಲ್ವ್ ಹನ್ನೆರಡು, ಹೆಡ್ ಬ್ಯಾರೆ, ಅದಕ್ಕ ತಕ್ಕಂಗ ವೈರಿಂಗ್, ಇಸಿಎಂ ಎಲ್ಲಾ ಬ್ಯಾರೆ. ಓಮ್ನಿದು ಇಂಜಿನ್ ನಮ್ಮದೇ ಕುಲ ಖರೆ, ಆದ್ರ ಅದರಾಗ ಉದ್ದಕ್ಕ ಕುಂತಿರ್ತದ ಹಿಂದಿನ ಗಾಲಿ ತಿರುವ್ಲಾಕ, ನಮ್ಮದರಾಗ ಅಡ್ಡ ಕುಂತು ಮುಂದಿನ ಗಾಲಿ ತಿರುವ್ತದ, ಹಿಂಗಾಗಿ ಎಣ್ಣಿ ಚೇಂಬರ್, ಬ್ರಾಕೆಟ್ ಹೊಂದಂಗಿಲ್ಲ. ಹುಮನಾಬಾದ ರೋಡಿಗೆ ಒಬ್ರು ನಂಗ ಆಲ್ಟೋ ಇಂಜಿನ್ನೇ ತೋರ್ಸಿ "ಇದೇ ಕೂಡ್ತದ ಸಾಹೇಬ್ರೆ, ಪಿಕಪ್ಪೂ ಜಾಸ್ತಿ" ಅಂದ್ರು. ನಾ ಎರಡು ಸಾವಿರ ಅಡ್ವಾನ್ಸ್ ಕೊಟ್ಟೂ ಬಿಟ್ಟಿದ್ದೆ. ಮನಿಗೆ ಬಂದು ಉಸ್ತಾದ್‌ಗೆ ಫೋನಿನಾಗಿನ ಫೋಟೋ ತೋರ್ಸಿದಾಗ ಗೊತ್ತಾತು, ಆ ಎರಡು ಸಾವಿರ ತಿರುಗಿ ಬರ್ಲಿಲ್ಲ. ಫೋಟೋ ಮೊದ್ಲು, ರೊಕ್ಕ ಆಮ್ಯಾಲ.

ಕಡೀಗೆ ಸಿಕ್ಕಿದ್ದು ಹೈದರಾಬಾದಿನಾಗ. ಹುಮನಾಬಾದ, ಜಹೀರಾಬಾದ ಮ್ಯಾಲ ಹಾದು ಹೋದ್ರ ಮುಂಜಾನಿ ಹೋಗಿ ರಾತ್ರಿ ಬರಬಹುದು, ಒಬ್ಬ ಗೆಳೆಯನ ಟಾಟಾ ಏಸ್ ತಗೊಂಡು ಹೋಗಿದ್ವಿ. ಅಲ್ಲಿ ನಾಕು ಇಂಜಿನ್ ನೋಡಿದೆ. ಒಂದಕ್ಕ ಹೊಸಾ ಸಿಲ್ವರ್ ಪೇಂಟ್ ಹೊಡದಿದ್ರು, ಅದನ್ನ ಮುಟ್ಲಿಕ್ಕೂ ಹೋಗ್ಲಿಲ್ಲ, ಎಣ್ಣಿ ಎಲ್ಲಿಂದ ಸೋರಿತ್ತು ಅನ್ನೋ ಗುರ್ತು ಎಲ್ಲಾ ಪೇಂಟಿನಾಗ ಮುಚ್ಚಿ ಹೋಗಿರ್ತದ. ಇನ್ನೊಂದರ ಆಯಿಲ್ ಕ್ಯಾಪ್ ತಗದ್ರ ಒಳಗ ಹಾಲಿನ ಕೆನಿ ಹಂಗ ಬಿಳೀದು ಹತ್ತಿತ್ತು, ನೀರು ಎಣ್ಣಿ ಕೂಡ್ಯಾವಂತ ಅರ್ಥ. ಮೂರನೇದು ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ತಿರುವಿದ್ರ ಒಂದು ಕಡಿ ಬಂದು ಬಿಗಿ ಹಿಡೀತಿತ್ತು. ನಾಕನೇದು ಪ್ಲಗ್ ತಗದು ತಿರುವಿದಾಗ ಸುತ್ತಾ ಒಂದೇ ಸಮ ತಿರುಗಿತು, ಮ್ಯಾಲಿನ ಕವರ್ ಬಿಚ್ಚಿದ್ರ ಒಳಗ ಕಂದು ಬಣ್ಣ, ಕರೇ ಗ್ರೀಸಿನಂಥ ಕೆಸರಿಲ್ಲ. ಕ್ರ್ಯಾಂಕ್ ಪುಲ್ಲಿ ಹಿಡಿದು ಮುಂದ ಹಿಂದ ಎಳದ್ರ ಸಡಿಲ ಏನೂ ಕೈಗೆ ಹತ್ಲಿಲ್ಲ. ಫ್ಲೈವೀಲಿನ ಹಲ್ಲು ಎಲ್ಲಾ ಎಣಿಸಿದಂಗ ನೋಡಿದೆ. ಅವರ ಹತ್ರ ಇದ್ದ ಬ್ಯಾಟರಿ, ಸ್ಟಾರ್ಟರ್ ಹಚ್ಚಿ ಕಂಪ್ರೆಷನ್ ನೋಡಿದ್ರ ಮೂರೂ ಹತ್ತರ ಫರಕಿನೊಳಗ. ಎಷ್ಟು ಬಂತು ಅನ್ನೋದಕ್ಕಿಂತ ಮೂರೂ ಒಂದಕ್ಕೊಂದು ಹತ್ರ ಅವನೋ ಇಲ್ಲೋ ಅನ್ನೋದೇ ನೋಡ್ಬೇಕು. ಒಂದು ಕಮ್ಮಿ ಬಂದ್ರ ಅದರಾಗ ಒಂದು ಚಮಚ ಎಣ್ಣಿ ಬಿಟ್ಟು ತಿರುಗಿ ನೋಡ್ರಿ, ಏರಿದ್ರ ರಿಂಗಿನ ತಕರಾರು, ಏರ್ಲಿಲ್ಲಂದ್ರ ವಾಲ್ವ್ ಇಲ್ಲಾ ಗ್ಯಾಸ್ಕೆಟ್. 12,000ಕ್ಕ ಮಾತಾತು.

ರೊಕ್ಕ ಕೊಡೋಕ್ಕಿಂತ ಮೊದ್ಲು ಕಾಗದ. ಇಂಜಿನ್ ನಂಬರ್ ಬರದ ಪಕ್ಕಾ ಬಿಲ್, ಆ ಇಂಜಿನ್ ಯಾವ ಗಾಡಿದೋ ಆ ಗಾಡಿ ಆರ್‌ಸಿ ಜೆರಾಕ್ಸ್, ಎರಡೂ ತಗೊಂಡೆ. ಬ್ಲಾಕಿನ ಮ್ಯಾಲಿನ ನಂಬರ್ ತಿಕ್ಕಿದಂಗ, ತಿರುಗಿ ಪಂಚ್ ಮಾಡಿದಂಗ ಕಂಡ್ರ ಪುಕ್ಕಟೆ ಕೊಟ್ರೂ ಬ್ಯಾಡ, ನಾಳೆ ಕಳುವಿನ ಗಾಡಿ ಇಂಜಿನ್ ಅಂತ ಆದ್ರ ಸ್ಟೇಷನ್ ಹತ್ತೋರು ನಾವೇ. 1988ರ ಮೋಟಾರ್ ವಾಹನ ಕಾಯ್ದೆಯ 52ನೇ ಕಲಮಿನಾಗ ಇದೆಲ್ಲಾ ಅದ, ಮೊದ್ಲೇ ಪರವಾನಗಿ ತಗೋಬೇಕು, ತಗೊಳ್ಳಲಾರ್ದೆ ಇಂಜಿನ್ ಬದಲಿ ಆಗಿದ್ರ 14 ದಿನದೊಳಗ ಆರ್‌ಟಿಓಕ್ಕ ತಿಳ್ಸಿ ಆರ್‌ಸಿಯಾಗ ಹೊಸಾ ನಂಬರ್ ಏರ್ಸ್ಕೋಬೇಕು. ನಾ ಮೊದ್ಲೇ ಅರ್ಜಿ ಕೊಟ್ಟೆ. ನಮ್ಮದು ಇನ್ನೂ ಅವಸರ ಯಾಕಂದ್ರ 15 ವರ್ಷ ತುಂಬಿದಾಗ ಆರ್‌ಸಿ ಒಮ್ಮೆ ರಿನೀವಲ್ ಆಗಿತ್ತು, ಆಮ್ಯಾಲ ಐದೈದು ವರ್ಷಕ್ಕೊಮ್ಮೆ, ಆ ಐದು ವರ್ಷ ಅದೇ ನವೆಂಬರಿಗೆ ಮುಗೀತಿತ್ತು, ತಪಾಸಣಿಗೆ ಒಯ್ದಾಗ ಆರ್‌ಸಿಯಾಗ ಒಂದು ನಂಬರ್ ಇಂಜಿನ್ ಮ್ಯಾಲ ಒಂದು ನಂಬರ್ ಇದ್ರ ಅಲ್ಲೇ ನಿಲ್ತದ. ಇನ್ನೊಂದು, ಇಂಜಿನ್ ಹೊರಗ ಇದ್ದಾಗಲೇ ನಂಬರಿನ ಪೆನ್ಸಿಲ್ ಟ್ರೇಸ್ ಎರಡು ಮೂರು ತಗದಿಟ್ಕೊಳ್ರಿ, ಒಳಗ ಇಳಿದ ಮ್ಯಾಲ ಅಲ್ಲಿ ಕೈ ಹಾಕೋದು ಭಾಳ ತ್ರಾಸು. ಇನ್ಶೂರೆನ್ಸ್‌ನವರಿಗೂ ಬರದು ತಿಳಿಸ್ಬೇಕು.

ಇಂಜಿನ್ ಗ್ಯಾರೇಜಿನ ಶಹಾಬಾದ ಫರ್ಸಿ ಮ್ಯಾಲ ಹಳೇ ಟಾಯರ್ ಹಾಸಿ ಇಟ್ವಿ. ಹೆಡ್ ಎತ್ತಿ ನೇರ ಪಟ್ಟಿ ಇಟ್ಟು ಉದ್ದಕ್ಕ, ಅಡ್ಡಕ್ಕ, ಮೂಲಿಯಿಂದ ಮೂಲಿಗೆ ಫೀಲರ್ ಹಾಕಿ ನೋಡಿದೆ, 0.05 ಮಿಲಿಮೀಟರಿನ ಫೀಲರ್ ಪಟ್ಟಿ ಎಲ್ಲೂ ಒಳಗ ಹೋಗ್ಲಿಲ್ಲ. ಹೆಡ್ ಗ್ಯಾಸ್ಕೆಟ್ ಹೊಸದು. ಎಣ್ಣಿ ಚೇಂಬರ್ ಇಳ್ಸಿ ತಳದಾಗ ಅಯಸ್ಕಾಂತ ಆಡ್ಸಿದೆ, ಚೂರು ಏನೂ ಹತ್ಲಿಲ್ಲ, ಜಾಳಗಿ ತೊಳ್ದೆ. ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಮುಂದಿನ ಹಿಂದಿನ ಆಯಿಲ್ ಸೀಲ್ ಎಲ್ಲಾ ಹೊಸವು. ಹಿಂದಿನ ಸೀಲ್ ಸಣ್ಣದೊಂದು ರಬ್ಬರ್ ಬಳಿ ಅಷ್ಟೇ, ಅದು ಆಮ್ಯಾಲ ಸೋರಿದ್ರ ಗೇರ್ ಬಾಕ್ಸ್ ಇಳ್ಸಬೇಕು, ಕ್ಲಚ್ ಪ್ಲೇಟಿಗೆ ಎಣ್ಣಿ ಹತ್ತಿ ಅದೂ ಹೋಗ್ತದ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೆಟ್ಟೇ ಹಾಕಿದೆ. ಪ್ಲೇಟ್ ನಟ್ಟ ನಡು ಕೂಡ್ಬೇಕು, ಉಸ್ತಾದ್ ಒಂದು ಕಟ್ಟಿಗಿ ಕಡ್ಡಿ ಅಳತಿಗೆ ಕೆತ್ತಿ ಟೇಪ್ ಸುತ್ತಿ ಇಟ್ಟಾರ, ಅದನ್ನ ತೂತಿನಾಗ ಹಾಕಿ ಬೋಲ್ಟ್ ಬಿಗಿ ಮಾಡಿದ್ರು. ಅಂಥದ್ದು ಇಲ್ಲಾರ್ದೆ ಅಂದಾಜಿನ ಮ್ಯಾಲ ಬಿಗಿ ಮಾಡಿದ್ರ ಗೇರ್ ಬಾಕ್ಸ್ ಶಾಫ್ಟ್ ಒಳಗ ಹೋಗ್ಲಾಕ ಮುಂಜಾನಿಯಿಂದ ಸಂಜಿ ತನಕ ಗುದ್ದಾಡ್ಬೇಕಾಗ್ತದ.

ನಮ್ಮ ಹಳೇ ಇಂಜಿನ್ನಿನ ಇನ್‌ಟೇಕ್, ಇಂಜೆಕ್ಟರ್, ಸೆನ್ಸರ್ ನಮ್ಮ ವೈರಿಂಗಿಗೆ ಹೊಂದಿದ್ವು, ಹಂಗಾಗಿ ಅವನ್ನೇ ತಗದು ಇದಕ್ಕ ಹಾಕಿದೆ. ಬಿಚ್ಚೋ ಮುಂದ ಪ್ರತಿ ಕನೆಕ್ಟರಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಕನ್ನಡದಾಗೇ ಬರದಿದ್ದೆ, ಫೋಟೋನೂ ತಗದಿದ್ದೆ. ಬರೇ ಫೋಟೋ ನಂಬ್ಕೊಂಡು ಕುಂದ್ರಬ್ಯಾಡ್ರಿ, ಎರಡು ತಿಂಗಳ ಮ್ಯಾಲ ಅದೇ ಫೋಟೋ ನೋಡಿದ್ರ ಯಾವ ಪೈಪ್ ಎಲ್ಲಿ ಅಂತ ತಿಳ್ಯಂಗಿಲ್ಲ. ಬೋಲ್ಟ್ ಸಾಮಾನಿನ ಪ್ರಕಾರ ಬ್ಯಾರೆ ಬ್ಯಾರೆ ಡಬ್ಬಿಯಾಗ ಹಾಕಿಟ್ಟಿದ್ದೆ, ಉದ್ದ ಗಿಡ್ಡ ಅದಲು ಬದಲಾಗಬಾರ್ದು ಅಂತ.

ಖಾಲಿ ಬಿದ್ದ ಇಂಜಿನ್ ಜಾಗ ಸೀಮೆಎಣ್ಣಿ, ಬ್ರಶ್, ಆಮ್ಯಾಲ ಸೋಪಿನ ನೀರು ಹಾಕಿ ಎರಡು ದಿನಾ ತೊಳ್ದೆ, ಬ್ಯಾಟರಿ ಕೆಳಗ ಆಸಿಡ್ ಬಿದ್ದು ಜಂಗು ಹಿಡಿದಿತ್ತು, ಅದನ್ನ ತಿಕ್ಕಿ ರೆಡ್ ಆಕ್ಸೈಡ್ ಹೊಡದೆ. ಅರ್ಥಿಂಗ್ ವೈರ್ ಕೂಡೋ ಜಾಗ ಮಾತ್ರ ಬಣ್ಣ ಹತ್ತಲಾರ್ದಂಗ ಬಿಟ್ಟು ಹೊಳಿಯೋ ತನಕ ತಿಕ್ಕಿದೆ, ಅರ್ಥಿಂಗ್ ಚಲೋ ಇಲ್ಲಂದ್ರ ಸ್ಟಾರ್ಟರ್ ನಿಧಾನ ತಿರುಗ್ತದ, ಸೆನ್ಸರ್ ಏನೇನೋ ಲೆಕ್ಕ ಕೊಡ್ತಾವ. ಮೌಂಟಿಂಗ್ ರಬ್ಬರ್ ಸೀಳಿದ್ವು, ಎಲ್ಲಾ ಬದಲಿ. ಡ್ರೈವ್ ಶಾಫ್ಟ್ ಸೀಲ್ ಎರಡೂ ಹೊಸವು. ಟ್ಯಾಂಕಿನಾಗ ಮೂರು ತಿಂಗಳಿನ ಹಳೇ ಪೆಟ್ರೋಲ್ ಇತ್ತು, ಇಳ್ಸಿ ಫಿಲ್ಟರ್ ಬದಲಿ ಮಾಡಿದೆ. ಕೂಲಂಟ್ ಕಲ್ಸ್ಲಾಕ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದಿಟ್ಟೆ, ಒಂದನ್ನ ಡಿಕ್ಕಿಯಾಗ ಇಟ್ಟು ಅಪ್ಪಗೂ ಹೇಳೀನಿ, ದಾರ್ಯಾಗ ನೀರು ಬೇಕಂದ್ರ ಇದೇ, ಹ್ಯಾಂಡ್‌ಪಂಪಿಂದು ಬ್ಯಾಡ ಅಂತ.

ಹಿಂದಿನ ದಿನ ಸಂಜಿಕ ಎಣ್ಣಿ ಹಾಕಿ, ಪ್ಲಗ್ ಇಲ್ಲಾರ್ದೆ ಇಂಜಿನ್ ಕೈಲೇ ಭಾಳ ಸುತ್ತು ತಿರುವಿ ಬಿಟ್ವಿ. ಒಳಗ ಇಳಿದ ಮ್ಯಾಲೂ ಮೊದ್ಲು ಹಿಂಗೇ, ಪ್ಲಗ್ ತಗದು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಎಣ್ಣಿ ಲೈಟ್ ಆರೋ ತನಕ ಸ್ಟಾರ್ಟರ್ ಹೊಡೀಬೇಕು, ಬೇರಿಂಗಿಗೆ ಎಣ್ಣಿ ಮುಟ್ಟಿದ ಮ್ಯಾಲೇ ಪ್ಲಗ್ ಹಾಕೋದು ಅಂತ ಉಸ್ತಾದ್ ಎರಡು ಸಲ ಹೇಳಿದ್ರು.

ಭಾನುವಾರ ಮುಂಜಾನಿ ಏಳಕ್ಕ ಗರ್ಡರಿಗೆ ಚೈನ್ ಪುಲ್ಲಿ ಕಟ್ಟಿದ್ವಿ. ಅಪ್ಪ ಆಟೋ ಮಾಡ್ಕೊಂಡು ಬಂದು ಒಂದು ಸ್ಟೂಲ್ ಹಾಕ್ಕೊಂಡು ಕುಂತ್ರು. ಉಸ್ತಾದ್ ಚೈನ್ ಬಿಡ್ತಿದ್ರು, ನಾ ಗೇರ್ ಬಾಕ್ಸ್ ಕಡಿ ಹಿಡಿದು ಓಲಾಡ್ಲಾರ್ದಂಗ ನೋಡ್ತಿದ್ದೆ, ಒಂಬತ್ತೂವರಿಗೆ ಮೌಂಟಿಂಗ್ ಬೋಲ್ಟ್ ಎಲ್ಲಾ ಪಾನಾ ಇಲ್ಲಾರ್ದೆ ಕೈ ಬೆರಳಿಲಿಂದಲೇ ಹತ್ತಿದ್ವು.