ಕರ್ನೆಲ್ ಅಪ್‌ಡೇಟ್ ಆದಮೇಲೆ ಡ್ರೈವರ್ ಬಿಲ್ಡ್ ಆಗ್ತಿಲ್ವಾ? ಮೊದಲ ಎರರ್ ಓದಿ

ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಆದ ಮರುದಿನ ವೈಫೈ ಡಾಂಗಲ್ ಕೈಕೊಡುತ್ತದೆ. ನಿನ್ನೆ ಸರಿಯಿದ್ದ ಡ್ರೈವರ್ (ಡಾಂಗಲನ್ನು ನಡೆಸುವ ಪ್ರೋಗ್ರಾಂ) ಇವತ್ತು ಬಿಲ್ಡ್ ಆಗುವುದಿಲ್ಲ, ಅಂದರೆ ಅದರ ಸೋರ್ಸ್ ಕೋಡ್‌ನಿಂದ ತಯಾರಾಗುವುದಿಲ್ಲ, ಪರದೆ ತುಂಬ ಎರರ್. ಕೊಡಗಿಗೆ ವಾಪಸ್ ಬಂದು ಮನೆಯಿಂದಲೇ ಕೆಲಸ ಮಾಡುವವರು, ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ತೋಟದ ಆಫೀಸಿನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ತುಂಬಾ ಜನ ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. ಸಿ ಭಾಷೆ ಸ್ವಲ್ಪ ಗೊತ್ತಿದ್ದರೆ ಇದನ್ನು ನೀವೇ ಸರಿ ಮಾಡಬಹುದು.

ಹೀಗೇಕಾಗುತ್ತದೆ? ಸುಮಾರು ಒಂಬತ್ತು–ಹತ್ತು ವಾರಕ್ಕೊಮ್ಮೆ ಹೊಸ ಕರ್ನೆಲ್ ಬರುತ್ತದೆ. ನಾವು ಬಳಸುವ ಆ್ಯಪ್‌ಗಳು ಕೆಡದಂತೆ ಅದನ್ನು ಬರೆಯುವವರು ಜಾಗ್ರತೆ ವಹಿಸುತ್ತಾರೆ. ಆದರೆ ಡ್ರೈವರ್‌ಗಳು ಕರೆಯುವ ಒಳಗಿನ ಫಂಕ್ಷನ್‌ಗಳಿಗೆ ಆ ಭರವಸೆ ಇಲ್ಲ. ಕರ್ನೆಲ್ ಜೊತೆಗೇ ಇರುವ ಡ್ರೈವರ್‌ಗಳನ್ನು, ಫಂಕ್ಷನ್ ಬದಲಿಸಿದವರೇ ತಿದ್ದುತ್ತಾರೆ. ಹೊರಗಿನಿಂದ ತಂದು ಹಾಕಿದ ಡ್ರೈವರ್ ಹಿಂದೆ ಉಳಿಯುತ್ತದೆ.

ಅದಕ್ಕೇ ಮೊದಲು ಕೇಳಿಕೊಳ್ಳಿ, ಆ ಹೊರಗಿನ ಡ್ರೈವರ್ ಈಗಲೂ ಬೇಕಾ? ರಿಯಲ್‌ಟೆಕ್‌ನ ಕೆಲವು ಯುಎಸ್‌ಬಿ ವೈಫೈ ಚಿಪ್‌ಗಳಿಗೆ ಆವೃತ್ತಿ 6.2ರಿಂದ ಕರ್ನೆಲ್ ಒಳಗೇ ಡ್ರೈವರ್ ಇದೆ. ನಿಮ್ಮದು ಅಂಥ ಚಿಪ್ ಆಗಿದ್ದರೆ ಹಳೆಯದನ್ನು ತೆಗೆದುಬಿಡಿ, ಕೆಲಸ ಮುಗಿಯಿತು.

ಬೇಕೇ ಬೇಕು ಅಂತಾದರೆ ಮುಂದೆ ಓದಿ.

ಮೊದಲು ತಯಾರಿ. ಕಕ್ಕಡದ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಅಲ್ವಾ? ಹಾಗಾಗಿ ನೆಟ್ ಇದ್ದಾಗಲೇ ಡ್ರೈವರ್‌ನ ಸೋರ್ಸ್, ಕಂಪೈಲರ್, ಕರ್ನೆಲ್ ಹೆಡರ್‌ಗಳನ್ನು (ಒಳಗಿನ ಫಂಕ್ಷನ್‌ಗಳ ವಿವರವಿರುವ ಫೈಲ್‌ಗಳು) ಇಳಿಸಿಟ್ಟುಕೊಳ್ಳಿ. ವೈಫೈ ಈಗಾಗಲೇ ಹೋಗಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಹಳೇ ಕರ್ನೆಲ್ ಅಳಿಸಬೇಡಿ. ಬೂಟ್ ಆಗುವಾಗ ಮೆನುವಿನಲ್ಲಿ ಅದನ್ನು ಆರಿಸಿಕೊಂಡು ಅಂದಿನ ಕೆಲಸ ಮುಗಿಸಬಹುದು.

ಹೆಡರ್‌ನ ಆವೃತ್ತಿ ಈಗ ಓಡುತ್ತಿರುವ ಕರ್ನೆಲ್‌ನದ್ದೇ ಆಗಿರಬೇಕು. ‘ಯುನೇಮ್ ಮೈನಸ್ ಆರ್’ (uname -r) ಕಮಾಂಡ್ ಕೊಟ್ಟರೆ ಆ ಆವೃತ್ತಿ ಕಾಣುತ್ತದೆ. ಎಷ್ಟೋ ಸಲ ಇಲ್ಲಿ ಹೊಂದಿಕೆಯಾಗದಿರುವುದೇ ತೊಂದರೆಗೆ ಕಾರಣ. ಬಿಲ್ಡ್ ನಡುವೆ ಕರೆಂಟ್ ಹೋಗಿದ್ದರೆ ಅರ್ಧ ಬರೆದ ಫೈಲ್‌ಗಳು ಉಳಿದು ವಿಚಿತ್ರ ಎರರ್ ಕೊಡಬಹುದು. ಅವನ್ನು ಅಳಿಸಲು ‘ಮೇಕ್ ಕ್ಲೀನ್’ (make clean) ಮಾಡಿ, ಮೊದಲಿನಿಂದ ಶುರು ಮಾಡಿ.

ಈಗ ಮುಖ್ಯ ಕೆಲಸ. ಪರದೆಯ ಕೊನೆಯಲ್ಲಿರುವ ಸಾಲನ್ನು ನೋಡಬೇಡಿ. ಅದು ‘ಬಿಲ್ಡ್ ಆಗಲಿಲ್ಲ’ ಎಂದಷ್ಟೇ ಹೇಳುತ್ತದೆ. ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿ. ಕೆಳಗಿನ ಎಷ್ಟೋ ಎರರ್‌ಗಳು ಆ ಒಂದರಿಂದಲೇ ಹುಟ್ಟಿರುತ್ತವೆ. ಡಿಕೆಎಂಎಸ್ (ಕರ್ನೆಲ್ ಬದಲಾದಾಗ ಡ್ರೈವರನ್ನು ತಾನೇ ಮತ್ತೆ ಬಿಲ್ಡ್ ಮಾಡುವ ಸಾಧನ) ಮೂಲಕ ಬಿಲ್ಡ್ ಮಾಡುತ್ತಿದ್ದರೆ ಅದರ ಬಿಲ್ಡ್ ಫೋಲ್ಡರಿನ ‘ಮೇಕ್ ಡಾಟ್ ಲಾಗ್’ ಫೈಲ್ ತೆರೆಯಿರಿ. ಕೈಯಿಂದ ಮಾಡುವುದಾದರೆ ಒಂದು ಸಲಕ್ಕೆ ಒಂದೇ ಫೈಲ್ ಕಂಪೈಲ್ ಆಗುವಂತೆ ಮೇಕ್‌ಗೆ ಹೇಳಿ. ಇಲ್ಲದಿದ್ದರೆ ನಾಲ್ಕು ಫೈಲ್‌ಗಳ ಸಂದೇಶ ಕಲಸಿಹೋಗಿ ಮೊದಲನೆಯದು ಯಾವುದೆಂದೇ ತಿಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ‘ಕ್ಲಾಸ್ ಕ್ರಿಯೇಟ್’ ಎಂಬ ಫಂಕ್ಷನ್‌ಗೆ ಹೆಚ್ಚು ಆರ್ಗ್ಯುಮೆಂಟ್ ಕೊಟ್ಟಿದ್ದೀರಿ ಎಂದು ಕಂಪೈಲರ್ ದೂರುತ್ತದೆ. ಅದರ ಕೆಳಗೇ, ಆ ಫಂಕ್ಷನ್ ಯಾವ ಹೆಡರ್‌ನ ಎಷ್ಟನೇ ಸಾಲಿನಲ್ಲಿದೆ ಎಂದೂ ಹೇಳುತ್ತದೆ. ಆ ಸಾಲನ್ನು ತೆರೆದು ನೋಡಿ. ಮೊದಲು ಅದಕ್ಕೆ ಎರಡು ಆರ್ಗ್ಯುಮೆಂಟ್ ಇತ್ತು, ಮಾಡ್ಯೂಲ್ (ಕರ್ನೆಲ್‌ಗೆ ಲೋಡ್ ಆಗುವ ಡ್ರೈವರ್ ತುಂಡು) ಮತ್ತು ಹೆಸರು. 6.4ರಿಂದ ಹೆಸರು ಮಾತ್ರ ಸಾಕು. ಹಾಗಾಗಿ ‘ಕರ್ನೆಲ್ 6.4 ಅಥವಾ ಹೊಸದಾಗಿದ್ದರೆ ಹೀಗೆ, ಇಲ್ಲದಿದ್ದರೆ ಹಳೇ ರೀತಿ’ ಎಂದು ಆವೃತ್ತಿ ನೋಡುವ ಷರತ್ತು ಬರೆದರೆ ಎರಡೂ ಕಡೆ ಡ್ರೈವರ್ ಬಿಲ್ಡ್ ಆಗುತ್ತದೆ. ರೆಡ್‌ಹ್ಯಾಟ್ ಬಳಸುವವರು ಹುಷಾರು. ಅಲ್ಲಿ ಹೊಸ ಕರ್ನೆಲ್‌ನ ಬದಲಾವಣೆಗಳನ್ನು ಹಳೇ ನಂಬರಿನ ಕರ್ನೆಲ್‌ಗೂ ತಂದಿರುತ್ತಾರೆ. ನಂಬರ್ ನಂಬಬೇಡಿ, ಹೆಡರ್ ನೋಡಿ.

ಹೆಡರ್ ಫೈಲೇ ಇಲ್ಲ ಎಂಬ ಎರರ್ ಇದಕ್ಕಿಂತ ಸುಲಭ. ‘ಅನ್‌ಅಲೈನ್ಡ್’ ಹೆಡರ್ 6.12ರಲ್ಲಿ ‘ಎಎಸ್‌ಎಂ’ ಫೋಲ್ಡರಿನಿಂದ ‘ಲಿನಕ್ಸ್’ ಫೋಲ್ಡರಿಗೆ ಹೋಯಿತು. ದಾರಿ ತಿದ್ದಿದರೆ ಸಾಕು.

ಕಂಪೈಲ್ ಎಲ್ಲ ಆಗಿ ಕೊನೆಯಲ್ಲಿ, ಡ್ರೈವರ್ ಕರೆಯುವ ಫಂಕ್ಷನ್‌ಗಳು ಸಿಗುತ್ತವೆಯೇ ಎಂದು ನೋಡುವ ‘ಮಾಡ್‌ಪೋಸ್ಟ್’ ಹಂತದಲ್ಲಿ ‘ಅನ್‌ಡಿಫೈನ್ಡ್’ ಎಂದು ಬಂದರೆ ವಿಷಯ ಬೇರೆ. ಆ ಫಂಕ್ಷನ್ ಕರ್ನೆಲ್‌ನಲ್ಲಿ ಇದ್ದರೂ ಹೊರಗಿನ ಮಾಡ್ಯೂಲ್‌ಗೆ ಸಿಗದಂತೆ ಮಾಡಿರಬಹುದು. 5.7ರಲ್ಲಿ ‘ಕಾಲ್‌ಸಿಮ್ಸ್ ಲುಕಪ್ ನೇಮ್’ ಹೀಗೇ ಆಯಿತು. ಇಲ್ಲಿ ಬರೀ ಹೆಸರು ಬದಲಿಸಿದರೆ ಆಗುವುದಿಲ್ಲ. ಅದೇ ಕೆಲಸಕ್ಕೆ ಬೇರೆ ದಾರಿ ಹುಡುಕಬೇಕು.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಪಾಯಿಂಟರ್ ತಾಳೆಯಾಗುತ್ತಿಲ್ಲ ಎಂಬ ಎರರ್ ಬಂದಾಗ, ಕಂಪೈಲರ್ ಫ್ಲ್ಯಾಗ್ ಹಾಕಿ ಅದರ ಬಾಯಿ ಮುಚ್ಚಿಸುವ ಸಲಹೆ ತುಂಬಾ ಕಡೆ ಸಿಗುತ್ತದೆ. ಬಿಲ್ಡ್ ಆಗುತ್ತದೆ, ನಿಜ. ಆದರೆ ಡ್ರೈವರ್ ಓಡುವುದು ಕರ್ನೆಲ್ ಒಳಗೆ. ಅಲ್ಲಿ ತಪ್ಪು ಪಾಯಿಂಟರ್ ಬಳಸಿದರೆ ಇಡೀ ಕಂಪ್ಯೂಟರ್ ನಿಂತುಬಿಡಬಹುದು, ಫೈಲ್‌ಗಳೂ ಹಾಳಾಗಬಹುದು. ಆ ಎರರ್ ನಿಮ್ಮನ್ನು ಕಾಪಾಡುತ್ತಿದೆ.

ಒಂದು ಎರರ್ ತಿದ್ದಿದ ಕೂಡಲೇ ಮತ್ತೆ ಬಿಲ್ಡ್ ಮಾಡಿ. ಎಲ್ಲ ಮುಗಿದ ಮೇಲೆ, ತೆರೆದಿರುವ ಫೈಲ್‌ಗಳನ್ನೆಲ್ಲ ಸೇವ್ ಮಾಡಿ ಡ್ರೈವರ್ ಲೋಡ್ ಮಾಡಿ, ‘ಡಿಮೆಸೇಜ್’ (dmesg) ಕಮಾಂಡಿನಲ್ಲಿ ಕರ್ನೆಲ್ ಏನು ಹೇಳುತ್ತದೆ ನೋಡಿ. ಕೀ ಒಪ್ಪಲಿಲ್ಲ ಎಂದು ಬಂದರೆ ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಸಹಿ ಇಲ್ಲದ ಕೋಡ್ ತಡೆಯುವ ಸೆಕ್ಯೂರ್ ಬೂಟ್ ಆನ್ ಇದೆ, ಮಾಡ್ಯೂಲ್‌ಗೆ ಸಹಿ ಹಾಕಬೇಕು ಅಷ್ಟೆ. ಡಾಂಗಲ್ ಓಡಿದರೆ ನಿಮ್ಮ ತಿದ್ದುಪಡಿಯನ್ನು, ಕರ್ನೆಲ್ ಮತ್ತು ಕಂಪೈಲರ್ ಆವೃತ್ತಿ ಬರೆದು, ಆ ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿ.